ಹತ್ತಿಯ ಡಬ್ಬಿಯಲ್ಲಿದ್ದ ತಳಿ: ದಾವಣಗೆರೆ ಸೀಮೆಯ ಪಶು ಆಸ್ಪತ್ರೆಯೊಂದರ ಸೋಂಕು ಪ್ರಕರಣ

ಕಾರಹುಣ್ಣಿಮೆ ಕಳೆದು ನಾಲ್ಕು ದಿನವಾಗಿತ್ತು. ಹರಿಹರದ ಕಡೆಯ ರೈತರೊಬ್ಬರು ತಮ್ಮ ಜೆರ್ಸಿ ಮಿಶ್ರತಳಿಯ ಹಸುವನ್ನು ಟೆಂಪೋದಲ್ಲಿ ಮತ್ತೆ ಆಸ್ಪತ್ರೆಗೆ ಕರೆತಂದರು. ವಾರದ ಹಿಂದೆ ನಾನೇ ಅದಕ್ಕೆ ಸಿಸೇರಿಯನ್ ಮಾಡಿದ್ದೆ. ಕರು ಚೆನ್ನಾಗಿತ್ತು. ಆದರೆ ಹಸುವಿನ ಎಡಪಕ್ಕೆಯ ಹೊಲಿಗೆ ಬಿಚ್ಚಿಕೊಂಡು ಹಸಿರು ಕೀವು ಸೋರುತ್ತಿತ್ತು. ಅದರ ವಾಸನೆ ಕೊಳೆತ ಮಾಂಸದ್ದಾಗಿರಲಿಲ್ಲ. ಹುಳಿ ಬಂದ ದ್ರಾಕ್ಷಿಯ ಹಾಗೆ ಸಿಹಿಯಾಗಿತ್ತು. ರೈತರು ಕೂಗಾಡಲಿಲ್ಲ. "ಮೇಡಂ, ಇಲ್ಲಿಗೆ ಬರುವಾಗ ಇದರ ಮೈಮೇಲೆ ಒಂದು ಗೀರೂ ಇರಲಿಲ್ಲ" ಎಂದಷ್ಟೇ ಹೇಳಿದರು. ಅದು ನಿಜವೇ ಆಗಿತ್ತು. ಗಾಯ ಮಾಡಿದವಳು ನಾನು, ಅದಕ್ಕೆ ಕೀವು ತುಂಬಿಸಿದ್ದು ನಮ್ಮ ಆಸ್ಪತ್ರೆ.

ಆ ದಿನ ನನಗೆ ಅದು ಒಂದೇ ಹಸುವಿನ ತೊಂದರೆಯಾಗಿ ಕಂಡಿತ್ತು. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ತೆಗೆದಿದ್ದ ಹೋಲ್‌ಸ್ಟೀನ್ ಹಸುವಿಗೂ ಅದೇ ಆಯಿತು. ಆಮೇಲೆ ಸಂತಾನಹರಣ ಮಾಡಿದ ಒಂದು ನಾಡನಾಯಿ, ಕೊಂಬಿನ ಕ್ಯಾನ್ಸರಿಗೆಂದು ಕೊಂಬು ತೆಗೆದ ಒಂದು ಎತ್ತು, ಕಿವಿಯಲ್ಲಿ ರಕ್ತ ತುಂಬಿ ಊದಿಕೊಂಡದ್ದಕ್ಕೆ ಶಸ್ತ್ರಚಿಕಿತ್ಸೆಯಾದ ಒಂದು ಲ್ಯಾಬ್ರಡಾರ್, ಸಿಸೇರಿಯನ್ ಆದ ಒಂದು ಮೇಕೆ. ನಾಗರಪಂಚಮಿಯ ವಾರದಲ್ಲಿ ಮೊಲೆತೊಟ್ಟು ಹರಿದುಕೊಂಡು ಬಂದಿದ್ದ ಎಮ್ಮೆಯ ಹೊಲಿಗೆಯೂ ಹಸಿರಾಯಿತು. ಏಳು ವಾರದಲ್ಲಿ ಏಳು ಪ್ರಾಣಿಗಳು. ಇದೇ ಅವಧಿಯಲ್ಲಿ ಎರಡು ಕುರಿಗಳ ಗಾಯವೂ ಕೆಟ್ಟಿತ್ತು. ಆದರೆ ಅವುಗಳ ಕೀವಿನಲ್ಲಿ ಬೆಳೆದದ್ದು ಬೇರೆ ಕ್ರಿಮಿ, ಆದ್ದರಿಂದ ಅವುಗಳನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ.

ಏಳರ ಕೀವಿನಲ್ಲೂ ಬೆಳೆದದ್ದು ಸ್ಯೂಡೊಮೊನಾಸ್ ಏರುಜಿನೋಸಾ. ಏರುಜಿನೋಸಾ ಎಂಬ ಲ್ಯಾಟಿನ್ ಪದಕ್ಕೆ ತಾಮ್ರದ ಕಿಲುಬು ಹಿಡಿದದ್ದು ಎಂದು ಅರ್ಥ. ತೊಳೆಯದ ತಾಮ್ರದ ತಂಬಿಗೆಯ ತಳದಲ್ಲಿ ಕಾಣುವ ಹಸಿರು ನೀಲಿಯೇ ಈ ಕ್ರಿಮಿಯ ಬಣ್ಣ. ಇದು ನೀರಿನ ಜೀವಿ. ನಲ್ಲಿಯ ಬಾಯಿ, ಸಿಂಕಿನ ಕೊಳವೆ, ಒದ್ದೆ ಬಟ್ಟೆ, ನೀರು ಬೆರೆಸಿಟ್ಟ ಔಷಧದ ಬಾಟಲಿ, ಎಲ್ಲೆಲ್ಲಿ ತೇವ ಆರುವುದಿಲ್ಲವೋ ಅಲ್ಲೆಲ್ಲ ಬದುಕುತ್ತದೆ. ಆರೋಗ್ಯವಂತ ಹಸುವಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಕೊಯ್ದ ಚರ್ಮ ಸಿಕ್ಕಿದರೆ ಬಿಡುವುದಿಲ್ಲ.

ಇಲ್ಲಿ ನಾವು ಮೊದಲ ತಪ್ಪು ಮಾಡಿದೆವು. ಏಳೂ ಮಾದರಿಗಳ ಆಂಟಿಬಯಾಟಿಕ್ ಪರೀಕ್ಷೆಯ ಫಲಿತಾಂಶ ಹೆಚ್ಚು ಕಡಿಮೆ ಒಂದೇ ಆಗಿತ್ತು: ಆಂಪಿಸಿಲಿನ್‌ಗೆ ಬಗ್ಗುವುದಿಲ್ಲ, ಟೆಟ್ರಾಸೈಕ್ಲಿನ್‌ಗೆ ಬಗ್ಗುವುದಿಲ್ಲ, ಟ್ರೈಮೆಥೊಪ್ರಿಮ್ ಸಲ್ಫಾಕ್ಕೆ ಬಗ್ಗುವುದಿಲ್ಲ, ಜೆಂಟಾಮೈಸಿನ್ ಮತ್ತು ಅಮಿಕಾಸಿನ್‌ಗೆ ಬಗ್ಗುತ್ತದೆ. ಅದನ್ನು ನೋಡಿದ ಕೂಡಲೇ ಆಸ್ಪತ್ರೆಯಲ್ಲಿ ಎಲ್ಲರೂ ಏಳಕ್ಕೂ ಒಂದೇ ತಳಿ, ಅಂದರೆ ಒಂದೇ ಮೂಲದಿಂದ ಹರಡಿದ ಕ್ರಿಮಿ, ಕಾರಣ ಎಂದುಬಿಟ್ಟರು. ಆದರೆ ಈ ಕ್ರಿಮಿಗೆ ಮೊದಲ ಮೂರು ಔಷಧಗಳನ್ನು ತಡೆದುಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇದೆ. ಅದರ ಹೊರಪೊರೆ ಔಷಧವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಒಳಗೆ ಹೊಕ್ಕದ್ದನ್ನೂ ಪಂಪಿನಂತೆ ಹೊರಗೆ ದೂಡುತ್ತದೆ. ಹೀಗಾಗಿ ಬೀದರಿನ ಹಸುವಿನಿಂದ ಒಂದು, ಮಂಗಳೂರಿನ ನಾಯಿಯಿಂದ ಒಂದು ತಂದಿಟ್ಟರೂ ಆ ಸಾಲು ಒಂದೇ ರೀತಿ ಕಾಣಬಹುದು. ಎಲ್ಲರೂ ಬಿಳಿ ಅಂಗಿ ತೊಟ್ಟಿದ್ದಾರೆಂದು ಎಲ್ಲರೂ ಒಂದೇ ಮನೆಯವರೆಂದು ತೀರ್ಮಾನಿಸಿದ ಹಾಗಾಗಿತ್ತು ಅದು.

ಆ ತೀರ್ಮಾನ ಒಬ್ಬ ಮನುಷ್ಯನ ತಲೆಗೆ ಬಂದು ಕೂತಿತು. ಅದಕ್ಕಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಅಟೆಂಡರ್ ಒಬ್ಬರಿದ್ದಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಪ್ರಾಣಿಯನ್ನು ಕೆಡವಿ ಕಟ್ಟುವುದು, ಕೂದಲು ಬೋಳಿಸುವುದು, ಚರ್ಮ ತೊಳೆಯುವುದು, ಆಮೇಲೆ ಡ್ರೆಸ್ಸಿಂಗ್ ಮಾಡುವುದು ಎಲ್ಲ ಅವರೇ. ಮೇಜು, ಟ್ರೇ, ಕೂದಲು ತೆಗೆಯುವ ಯಂತ್ರ, ನಲ್ಲಿ, ನೀರಿನ ಟ್ಯಾಂಕ್, ಔಷಧಗಳು, ನಮ್ಮೆಲ್ಲರ ಕೈಬೆರಳು, ಹೀಗೆ ಆಸ್ಪತ್ರೆಯ ಮೂಲೆಮೂಲೆಯಿಂದ ಮಾದರಿ ತೆಗೆದು ಬೆಳೆಸಿ ನೋಡಿದಾಗ ಮನುಷ್ಯರ ಪೈಕಿ ಅವರೊಬ್ಬರ ಕೈಯಲ್ಲಿ ಮಾತ್ರ ಸ್ಯೂಡೊಮೊನಾಸ್ ಬಂದಿತು. ಸಂಜೆಯ ಸಭೆಯಲ್ಲಿ ಅವರನ್ನು ಬೇರೆ ಕೆಲಸಕ್ಕೆ ಹಾಕಬೇಕೆಂಬ ಮಾತು ಎದ್ದಿತು. ಕೈ ತೊಳೆಯುವುದಿಲ್ಲ ಎಂದರು ಒಬ್ಬರು. ನಾನೂ ಎದುರಾಡಲಿಲ್ಲ. ಮರುದಿನ ಬೆಳಿಗ್ಗೆ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಅಂಗೈ ಚಾಚಿ, "ಮೇಡಂ, ನನ್ನ ಕೈಯಲ್ಲಿ ವಿಷವಿದೆಯೇ?" ಎಂದು ಕೇಳಿದರು. ಉತ್ತರ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಎಲ್ಲ ಮಾದರಿಗಳ ವಂಶವಾಹಿ ಬೆರಳಚ್ಚು ತೆಗೆಸಲೇಬೇಕೆಂದು ಹಟ ಹಿಡಿದದ್ದು ಆ ಪ್ರಶ್ನೆಯಿಂದ.

ಕ್ರಿಮಿಯ ಬೆರಳಚ್ಚು

ಬ್ಯಾಕ್ಟೀರಿಯಾಕ್ಕೆ ಬೆರಳಿಲ್ಲ, ಡಿಎನ್‌ಎ ಇದೆ. ಒಂದೇ ಪ್ರಭೇದದೊಳಗಿನ ತಳಿಗಳ ಡಿಎನ್‌ಎಯಲ್ಲಿ ಅಲ್ಲಲ್ಲಿ ಅಕ್ಷರ ಬದಲಾಗಿರುತ್ತದೆ, ತುಂಡುಗಳು ಸೇರಿರುತ್ತವೆ ಅಥವಾ ಬಿಟ್ಟುಹೋಗಿರುತ್ತವೆ. ಆ ವ್ಯತ್ಯಾಸವನ್ನು ಕಣ್ಣಿಗೆ ಕಾಣುವ ಪಟ್ಟೆಗಳನ್ನಾಗಿ ಮಾಡುವುದೇ ಈ ವಿದ್ಯೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಮನುಷ್ಯರ ಡಿಎನ್‌ಎ ಬೆರಳಚ್ಚನ್ನು ಕಂಡುಕೊಂಡದ್ದು 1984ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಡೇವಿಡ್ ಶ್ವಾರ್ಟ್ಜ್ ಮತ್ತು ಚಾರ್ಲ್ಸ್ ಕ್ಯಾಂಟರ್ ಬಹಳ ಉದ್ದದ ಡಿಎನ್‌ಎ ತುಂಡುಗಳನ್ನು ಬೇರ್ಪಡಿಸುವ ಒಂದು ದಾರಿಯನ್ನು ಪ್ರಕಟಿಸಿದರು. ಪಲ್ಸ್ಡ್ ಫೀಲ್ಡ್ ಜೆಲ್ ಎಂದು ಕರೆಯುವ ಆ ದಾರಿಯೇ ಮುಂದೆ ಆಸ್ಪತ್ರೆ ಸೋಂಕುಗಳ ಪತ್ತೆಗೆ ಬಹುಕಾಲ ಒರೆಗಲ್ಲಾಗಿ ನಿಂತಿತು.

ಅದು ನಡೆಯುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಡಿಎನ್‌ಎ ಎಳೆಯನ್ನು ಹಾಗೆಯೇ ಪಿಪೆಟ್ಟಿನಲ್ಲಿ ಹೀರಿದರೆ ಒಣ ಶ್ಯಾವಿಗೆಯಂತೆ ಎಲ್ಲೆಂದರಲ್ಲಿ ಮುರಿಯುತ್ತದೆ. ಅದಕ್ಕಾಗಿ ಜೀವಂತ ಬ್ಯಾಕ್ಟೀರಿಯಾವನ್ನು ಅಗರೋಸ್ ಎಂಬ ಪಾರದರ್ಶಕ ಹಲ್ವದಂತಹ ಪದಾರ್ಥದೊಳಗೆ ಹೆಪ್ಪುಗಟ್ಟಿಸಿ, ಅದರೊಳಗೇ ಕೋಶದ ಗೋಡೆಯನ್ನು ಕರಗಿಸುತ್ತಾರೆ. ಡಿಎನ್‌ಎ ಅಲುಗದೆ ಇದ್ದಲ್ಲಿಯೇ ಉಳಿಯುತ್ತದೆ. ಆಮೇಲೆ ಸ್ಪೆ-ಒಂದು ಎಂಬ ಕಿಣ್ವವನ್ನು ಬಿಡುತ್ತಾರೆ. ಅದು ಆರು ಅಕ್ಷರಗಳ ಒಂದು ನಿರ್ದಿಷ್ಟ ಜೋಡಣೆ ಕಂಡಲ್ಲಿ ಮಾತ್ರ ಕತ್ತರಿಸುತ್ತದೆ. ಸ್ಯೂಡೊಮೊನಾಸ್‌ನ ಡಿಎನ್‌ಎ ಅರುವತ್ತು ಲಕ್ಷ ಅಕ್ಷರಗಳಿಗೂ ಉದ್ದವಾದದ್ದು. ಆ ಜೋಡಣೆ ಅದರಲ್ಲಿ ಅಪರೂಪ. ಆದ್ದರಿಂದ ಸಾವಿರಾರು ಚೂರುಗಳ ಬದಲಿಗೆ ಕೆಲವೇ ಹತ್ತು ದೊಡ್ಡ ತುಂಡುಗಳು ಸಿಗುತ್ತವೆ. ಆ ತುಂಡುಗಳನ್ನು ಜೆಲ್ ಎಂಬ ಅಗರೋಸಿನ ಹಾಳೆಯೊಳಗೆ ವಿದ್ಯುತ್ ಹರಿಸಿ ಓಡಿಸುತ್ತಾರೆ. ಅಷ್ಟು ದೊಡ್ಡ ತುಂಡುಗಳು ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವ ಸಾಮಾನ್ಯ ಜೆಲ್‌ನಲ್ಲಿ ಬೇರ್ಪಡದೆ ಒಟ್ಟಾಗಿ ಹರಿದುಬಿಡುತ್ತವೆ. ವಿದ್ಯುತ್ತಿನ ದಿಕ್ಕನ್ನು ಮತ್ತೆ ಮತ್ತೆ ಬದಲಿಸುತ್ತಾ ಹೋದರೆ ಪ್ರತಿ ಸಲವೂ ತುಂಡು ತಿರುಗಿ ನಿಲ್ಲಬೇಕು. ಉದ್ದದ್ದಕ್ಕೆ ತಿರುಗಲು ಹೆಚ್ಚು ಹೊತ್ತು ಬೇಕು, ಚಿಕ್ಕದು ಬೇಗ ಮುಂದೆ ಸರಿಯುತ್ತದೆ. ಕಿರಿದಾದ ಓಣಿಯಲ್ಲಿ ಹುಲ್ಲು ತುಂಬಿದ ಗಾಡಿ ಮತ್ತು ಸೈಕಲ್ ಎರಡೂ ತಿರುಗುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸುಮಾರು ಒಂದು ದಿನ ಹೀಗೆ ಓಡಿಸಿ, ಬಣ್ಣ ಹಾಕಿ, ನೇರಳಾತೀತ ಬೆಳಕಿನಡಿ ನೋಡಿದರೆ ಏಣಿಯ ಮೆಟ್ಟಿಲುಗಳಂತೆ ಪಟ್ಟೆಗಳು ಮೂಡುತ್ತವೆ.

ಓದುವುದಕ್ಕೆ ಫ್ರೆಡ್ ಟೆನೋವರ್ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ನಿಯಮವಿದೆ. ಪಟ್ಟೆಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಒಂದೇ ತಳಿ. ಎರಡು ಮೂರು ಪಟ್ಟೆ ಬೇರೆಯಾಗಿದ್ದರೆ ಹತ್ತಿರದ ನಂಟು, ನಡುವೆ ಒಂದು ಬದಲಾವಣೆ ನಡೆದಿರಬಹುದು. ನಾಲ್ಕರಿಂದ ಆರಾದರೆ ನಂಟು ಇದ್ದರೂ ಇರಬಹುದು. ಏಳು ಅಥವಾ ಹೆಚ್ಚಾದರೆ ಬೇರೆ ತಳಿ.

ನಾವು ಮಾದರಿಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಅಲ್ಲಿನವರು ಮೊದಲೇ ಒಂದು ಮಾತು ಕೇಳಿದರು: ನಿಮ್ಮ ಆಸ್ಪತ್ರೆಗೆ ಸಂಬಂಧವೇ ಇಲ್ಲದ ಎರಡು ಸ್ಯೂಡೊಮೊನಾಸ್ ತಳಿಗಳನ್ನೂ ಇದರ ಜೊತೆ ಕಳುಹಿಸಿ. ಆಗ ಅದು ನನಗೆ ಹೊಳೆದಿರಲಿಲ್ಲ. ಈ ಸೀಮೆಯ ನೀರಿನಲ್ಲೆಲ್ಲ ಒಂದೇ ತಳಿ ಹರಡಿದ್ದರೆ ನಮ್ಮ ಮಾದರಿಗಳು ಒಂದಕ್ಕೊಂದು ಹೊಂದಿದರೂ ಅದರಿಂದ ಏನೂ ತಿಳಿಯುವುದಿಲ್ಲ. ಚನ್ನಗಿರಿ ಕಡೆಯ ಒಂದು ಕೆಚ್ಚಲುಬಾವಿನ ಹಸುವಿನಿಂದ ಒಂದು, ಚಿತ್ರದುರ್ಗದ ಕಡೆಯ ಒಂದು ಕುರಿಯ ಗಾಯದಿಂದ ಒಂದು ಸಂಪಾದಿಸಿ ಕೊಟ್ಟೆವು.

ಪಟ್ಟೆಗಳು ಹೇಳಿದ್ದು

ಹೊರಗಿನ ಎರಡು ತಳಿಗಳೂ ಬೇರೆ ಬೇರೆಯಾಗಿದ್ದವು, ನಮ್ಮದಕ್ಕೂ ಹೊಂದಲಿಲ್ಲ. ಎರಡು ಹಸು, ನಾಡನಾಯಿ, ಎತ್ತು, ಮೇಕೆ, ಈ ಐದರ ಪಟ್ಟೆಗಳು ಒಂದರ ಮೇಲೊಂದು ಇಟ್ಟಂತೆ ಹೊಂದಿದವು. ಎಮ್ಮೆಯದರಲ್ಲಿ ಎರಡು ಪಟ್ಟೆ ಮಾತ್ರ ಬೇರೆ. ಅದು ಏಳನೆಯ ವಾರದ್ದು. ಅಷ್ಟರಲ್ಲಿ ತಳಿ ಒಂದು ಹೆಜ್ಜೆ ಬದಲಾಗಿತ್ತು ಎಂದು ಓದಬಹುದು.

ಲ್ಯಾಬ್ರಡಾರಿನದು ಪೂರ್ತಿ ಬೇರೆ. ಹತ್ತಕ್ಕೂ ಹೆಚ್ಚು ಪಟ್ಟೆಗಳು ಹೊಂದಲೇ ಇಲ್ಲ. ನಾಯಿಯ ಮನೆಯವರನ್ನು ಮತ್ತೆ ಕೂರಿಸಿ ಕೇಳಿದಾಗ ಅದು ತಿಂಗಳುಗಟ್ಟಲೆಯಿಂದ ತಲೆ ಕೊಡವುತ್ತಿತ್ತು, ಕಿವಿ ಸೋರುತ್ತಿತ್ತು ಎಂದು ತಿಳಿಯಿತು. ಕ್ರಿಮಿ ಅದರ ಕಿವಿಯ ನಾಳದಲ್ಲಿ ಮೊದಲೇ ಮನೆ ಮಾಡಿತ್ತು. ತಲೆ ಕೊಡವಿ ಕೊಡವಿಯೇ ಕಿವಿಯಲ್ಲಿ ರಕ್ತ ತುಂಬಿತ್ತು. ನಾವು ಹೊಲಿಗೆಗೆ ಔಷಧ ಹಾಕುತ್ತಾ ಕೂತಿದ್ದೆವು, ಕಿವಿಯ ಒಳಗನ್ನು ನೋಡಿರಲಿಲ್ಲ. ಬೆರಳಚ್ಚು ಬಾರದೇ ಇದ್ದಿದ್ದರೆ ಆ ನಾಯಿ ಇನ್ನೂ ಎಷ್ಟು ದಿನ ನರಳುತ್ತಿತ್ತೋ.

ಇನ್ನು ಅಟೆಂಡರ್ ಅವರ ಕೈ. ಅಲ್ಲಿಂದ ಬೆಳೆದ ತಳಿ ಐದೂ ಪ್ರಾಣಿಗಳ ತಳಿಗೆ ಸರಿಯಾಗಿ ಹೊಂದಿತು.

ವರದಿ ಬಂದ ದಿನ ಆಸ್ಪತ್ರೆಯಲ್ಲಿ ಮೌನ ಕವಿಯಿತು. ಕೆಲವರಿಗೆ ಅದು ತೀರ್ಪಾಗಿಯೇ ಕಂಡಿತು. ಮನುಷ್ಯರ ಡಿಎನ್‌ಎ ಬೆರಳಚ್ಚನ್ನು ಅಪರಾಧ ತನಿಖೆಯಲ್ಲಿ ಮೊದಲು ಬಳಸಿದಾಗ, 1986ರಲ್ಲಿ, ಅದು ಸುಮ್ಮನೆ ಸಿಕ್ಕಿಬಿದ್ದಿದ್ದ ಒಬ್ಬ ಹುಡುಗನನ್ನು ಬಿಡುಗಡೆ ಮಾಡಿಸಿತ್ತು. ನಮ್ಮಲ್ಲಿ ಅದು ನಿರಪರಾಧಿಯ ಕುತ್ತಿಗೆಗೇ ಹಗ್ಗ ಬಿಗಿಯುವಂತೆ ಕಂಡಿತು. ಆದರೆ ಪಟ್ಟೆಗಳಿಗೆ ದಿಕ್ಕಿಲ್ಲ. ಇದೂ ಅದೂ ಒಂದೇ ಎಂದು ಅವು ಹೇಳುತ್ತವೆ. ಇದರಿಂದ ಅದಕ್ಕೆ ಹೋಯಿತೋ, ಅದರಿಂದ ಇದಕ್ಕೆ ಬಂದಿತೋ, ಎರಡೂ ಮೂರನೆಯದರಿಂದ ಬಂದವೋ ಎಂದು ಹೇಳುವುದಿಲ್ಲ. ಅದಕ್ಕೆ ನಾವು ಧೂಳು ಹಿಡಿದ ಶಸ್ತ್ರಚಿಕಿತ್ಸಾ ರಿಜಿಸ್ಟರ್ ಮತ್ತು ಹಾಜರಿ ಪುಸ್ತಕವನ್ನು ತೆರೆಯಬೇಕಾಯಿತು.

ಹಾಜರಿ ಪುಸ್ತಕದಲ್ಲಿ ಅಟೆಂಡರ್ ಅವರು ಹನ್ನೆರಡು ದಿನ ರಜೆಯಲ್ಲಿದ್ದರು. ಮೆಕ್ಕೆಜೋಳದ ಬಿತ್ತನೆಗೆಂದು ಊರಿಗೆ ಹೋಗಿದ್ದರು. ಮೇಕೆಯ ಸಿಸೇರಿಯನ್ ಆದದ್ದು ಆ ರಜೆಯ ನಡುವೆ. ಅದರ ಡ್ರೆಸ್ಸಿಂಗ್ ಮುಗಿದದ್ದೂ ಅವರು ಬರುವ ಮೊದಲೇ. ಅವರ ಕೈ ಆ ಮೇಕೆಯನ್ನು ಮುಟ್ಟಿಯೇ ಇರಲಿಲ್ಲ. ಆದರೂ ಅದರ ಗಾಯದಲ್ಲಿ ಅದೇ ತಳಿ ಇತ್ತು. ಆ ಮೇಕೆ ಬದುಕಲಿಲ್ಲ.

ಮೇಕೆಗೂ ಉಳಿದ ಐದು ಪ್ರಾಣಿಗಳಿಗೂ ಸಮಾನವಾಗಿದ್ದದ್ದು ಇನ್ನೊಂದು: ಎಲ್ಲಕ್ಕೂ ಚರ್ಮ ಒರೆಸಿದ್ದು, ಡ್ರೆಸ್ಸಿಂಗ್ ಮಾಡಿದ್ದು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನೆನೆಸಿಟ್ಟ ಹತ್ತಿಯುಂಡೆಗಳಿಂದ. ಅದೇ ವಾರಗಳಲ್ಲಿ ಡಬ್ಬಿ ಖಾಲಿಯಾಗಿ ಪೊವಿಡೋನ್ ಅಯೋಡಿನ್ ಎಂಬ ಬೇರೆ ಕ್ರಿಮಿನಾಶಕ ಹಚ್ಚಿದ ದಿನಗಳೂ ಇದ್ದವು. ಆ ದಿನಗಳ ಯಾವ ಗಾಯವೂ ಹಸಿರಾಗಿರಲಿಲ್ಲ.

ಡಬ್ಬಿ

ಡಬ್ಬಿಯ ತಳದ ದ್ರವದಲ್ಲಿ ತಳಿ ದಟ್ಟವಾಗಿ ಬೆಳೆದಿತ್ತು. ಬೆರಳಚ್ಚು ಅದೇ. ಸಿಂಕಿನ ನಲ್ಲಿಯ ಬಾಯಿಯಲ್ಲೂ ಅದೇ. ಮೇಲಿನ ನೀರಿನ ಟ್ಯಾಂಕಿನಲ್ಲಿ ಇರಲಿಲ್ಲ. ಕಂಪನಿಯಿಂದ ಬಂದ, ನೀರು ಬೆರೆಸದ ಔಷಧದ ಬಾಟಲಿಯೂ ಸ್ವಚ್ಛವಾಗಿತ್ತು.

ಡಬ್ಬಿಯಲ್ಲಿದ್ದದ್ದು ಸೆಟ್ರಿಮೈಡ್ ಬೆರೆತ ಹಳದಿ ಕ್ರಿಮಿನಾಶಕ. ಕ್ರಿಮಿನಾಶಕದಲ್ಲೇ ಕ್ರಿಮಿ ಬೆಳೆಯುವುದು ಹೇಗೆ ಎಂದು ನಮ್ಮ ಸಹೋದ್ಯೋಗಿಗಳು ಕೇಳಿದರು. ಉತ್ತರ ಪ್ರಯೋಗಾಲಯದ ಕಪಾಟಿನಲ್ಲಿಯೇ ಇತ್ತು. ಸ್ಯೂಡೊಮೊನಾಸನ್ನು ಉಳಿದ ಕ್ರಿಮಿಗಳಿಂದ ಬೇರ್ಪಡಿಸಿ ಬೆಳೆಸಲು ಅಲ್ಲಿ ಬಳಸುವ ಮಾಧ್ಯಮದ ಹೆಸರೇ ಸೆಟ್ರಿಮೈಡ್ ಅಗರ್! ಒಂದು ಲೀಟರಿಗೆ 0.3 ಗ್ರಾಂ ಸೆಟ್ರಿಮೈಡ್ ಹಾಕಿದರೆ ಬೇರೆ ಬಹುಪಾಲು ಬ್ಯಾಕ್ಟೀರಿಯಾ ಸಾಯುತ್ತವೆ, ಇದು ಹಾಯಾಗಿ ಬೆಳೆದು ಹಸಿರು ಬಿಡುತ್ತದೆ. ಕಾಲೇಜಿನಲ್ಲಿ ನಾವೆಲ್ಲರೂ ಆ ತಟ್ಟೆಯನ್ನು ನೋಡಿದವರೇ. ಅದೇ ಹೆಸರನ್ನು ಶಸ್ತ್ರಚಿಕಿತ್ಸಾ ಕೋಣೆಯ ಬಾಟಲಿಯ ಮೇಲೆ ಓದಿದಾಗ ಯಾರಿಗೂ ಅನುಮಾನ ಬರಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಹಾಗೆಂದು ಸೆಟ್ರಿಮೈಡ್ ಕೆಟ್ಟ ಔಷಧವಲ್ಲ. ತಕ್ಕ ಪ್ರಮಾಣದಲ್ಲಿ ಆಗಷ್ಟೇ ಬೆರೆಸಿ ಬಳಸಿದರೆ ಕೆಲಸ ಮಾಡುತ್ತದೆ. ನಾವು ಅದನ್ನು ಮೂರು ರೀತಿಯಲ್ಲಿ ದುರ್ಬಲಗೊಳಿಸಿದ್ದೆವು. ನಲ್ಲಿಯ ನೀರಿನಲ್ಲಿ ಅಂದಾಜಿನಿಂದ ಬೆರೆಸುತ್ತಿದ್ದೆವು. ಡಬ್ಬಿ ಅರ್ಧವಾದಾಗ ಖಾಲಿ ಮಾಡಿ ತೊಳೆಯದೆ ಮೇಲಿನಿಂದ ತುಂಬುತ್ತಿದ್ದೆವು. ತಳದ ಹಳೆಯ ದ್ರವ ವಾರಗಟ್ಟಲೆ ಅಲ್ಲಿಯೇ ಉಳಿಯುತ್ತಿತ್ತು. ಮೂರನೆಯದು ಹತ್ತಿ. ಸೆಟ್ರಿಮೈಡಿನ ಕಣಗಳಿಗೆ ಧನ ವಿದ್ಯುದಂಶವಿದೆ. ಹತ್ತಿಯ ನಾರು ಅವುಗಳನ್ನು ಹಿಡಿದುಕೊಂಡುಬಿಡುತ್ತದೆ. ನೆನೆದ ಹತ್ತಿಯ ಸುತ್ತಲಿನ ದ್ರವದಲ್ಲಿ ಔಷಧ ಕಡಿಮೆಯಾಗುತ್ತಾ ಹೋಗಿ ಬಣ್ಣದ ನೀರಷ್ಟೇ ಉಳಿಯುತ್ತದೆ. ಹತ್ತಿ ಗಿರಣಿಗಳಿಂದಲೇ ಹೆಸರು ಪಡೆದ ಊರು ನಮ್ಮದು. ಹತ್ತಿಗೆ ಬಣ್ಣ ಹೇಗೆ ಹಿಡಿಯುತ್ತದೆ ಎಂದು ಇಲ್ಲಿನ ಹಳೆಯ ಗಿರಣಿ ಕಾರ್ಮಿಕರು ನಿದ್ದೆಯಲ್ಲೂ ಹೇಳಬಲ್ಲರು. ಹತ್ತಿಗೆ ಔಷಧವೂ ಹಿಡಿಯುತ್ತದೆ ಎಂಬುದನ್ನು ನಾವು ಯೋಚಿಸಿರಲಿಲ್ಲ.

ಇದೇನೂ ಹೊಸ ಸಂಗತಿಯಲ್ಲ. ಸೆಟ್ರಿಮೈಡ್ ದ್ರಾವಣದಲ್ಲಿ ಈ ಕ್ರಿಮಿ ಸೇರಿಕೊಳ್ಳುವುದನ್ನು 1951ರಲ್ಲೇ ಬ್ರಿಟನ್ನಿನಲ್ಲಿ ಲೋಬರಿ ಎಂಬ ಸೂಕ್ಷ್ಮಜೀವಿ ತಜ್ಞರು ಬರೆದಿದ್ದರು. ಅಲ್ಲಿ ಬಾಟಲಿಯ ಬೆಂಡಿನ ಬಿರಡೆ ಕಾರಣವಾಗಿತ್ತು. 1981ರಲ್ಲಿ ಅಮೆರಿಕದ ಒಂದು ಪಶು ಆಸ್ಪತ್ರೆಯ ನಾಯಿ ಬೆಕ್ಕುಗಳಲ್ಲಿ ಹರಡಿದ ಸೆರಾಷಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸೋಂಕಿನ ಮೂಲ ಇದೇ ಜಾತಿಯ ಬೆಂಜಾಲ್ಕೋನಿಯಂ ಎಂಬ ಕ್ರಿಮಿನಾಶಕದಲ್ಲಿತ್ತು. ಅಮೆರಿಕದ ಪಶುವೈದ್ಯ ಸಂಘದ ಮಾನ್ಯತೆ ಪಡೆದ ಬೋಧನಾ ಆಸ್ಪತ್ರೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 38ರ ಪೈಕಿ 31 ಆಸ್ಪತ್ರೆಗಳು ಹಿಂದಿನ ಐದು ವರ್ಷಗಳಲ್ಲಿ ಒಮ್ಮೆಯಾದರೂ ಆಸ್ಪತ್ರೆ ಸೋಂಕು ಹರಡಿತ್ತೆಂದು ಒಪ್ಪಿಕೊಂಡವು. ಅಂತಹ ಕಡೆಗಳಲ್ಲಿ ನಡೆಯುವುದು ನಮ್ಮಲ್ಲಿ ನಡೆಯುವುದಿಲ್ಲವೆಂದು ಭಾವಿಸಲು ಕಾರಣವಿಲ್ಲ. ನಮ್ಮಲ್ಲಿ ಬರೆದಿಡುವವರು ಕಡಿಮೆ, ಅಷ್ಟೇ.

ಅಟೆಂಡರ್ ಅವರ ಕೈಗೆ ತಳಿ ಬಂದದ್ದು ಡಬ್ಬಿಯಿಂದ. ದಿನವೂ ಅದರೊಳಗೆ ಬೆರಳಿಟ್ಟು ಹತ್ತಿ ಹಿಂಡುತ್ತಿದ್ದವರು ಅವರೇ. ಡಬ್ಬಿಯನ್ನು ತೆಗೆದುಹಾಕಿ, ಅವರು ಸೋಪಿನಿಂದ ಕೈ ತೊಳೆದು ಕೈಗವಸು ಹಾಕಿ ಕೆಲಸ ಮಾಡಿದ ಮೇಲೆ ಬೇರೆ ಬೇರೆ ದಿನ ಮೂರು ಸಲ ಮಾದರಿ ತೆಗೆದೆವು. ಮೂರು ಸಲವೂ ಏನೂ ಬೆಳೆಯಲಿಲ್ಲ. ಅವರು ರೋಗವಾಹಕರಾಗಿರಲಿಲ್ಲ, ನಮ್ಮ ಕೆಟ್ಟ ಪದ್ಧತಿಗೆ ಮೊದಲು ಸಿಕ್ಕ ಕೈ ಅವರದಾಗಿತ್ತು. ಅವರನ್ನು ಬೇರೆ ಕೆಲಸಕ್ಕೆ ಹಾಕುವ ಪ್ರಸ್ತಾವ ಬಿದ್ದುಹೋಯಿತು. ಸಭೆಯಲ್ಲಿ ಎಲ್ಲರ ಎದುರು ನಾನು ಅವರ ಕ್ಷಮೆ ಕೇಳಿದೆ. ಹಾಗೆ ಕೇಳಬಾರದಿತ್ತೆಂದು ಕೆಲವರು ಆಮೇಲೆ ಹೇಳಿದರು. ನಾನು ಒಪ್ಪುವುದಿಲ್ಲ.

ಪ್ರಾಣಿಗಳ ವಿಷಯ: ಹಸು, ಎತ್ತು, ಎಮ್ಮೆಗಳ ಹೊಲಿಗೆ ಬಿಚ್ಚಿ, ಕೀವು ಹರಿಯಲು ದಾರಿ ಮಾಡಿ, ತೆಳುವಾದ ಅಸಿಟಿಕ್ ಆಮ್ಲದಿಂದ ತೊಳೆದೆವು. ವಿನೆಗರಿನಲ್ಲಿರುವ ಈ ಹುಳಿ ಸ್ಯೂಡೊಮೊನಾಸ್‌ಗೆ ಹಿಡಿಸದು. ಹಳೆಯ ಉಪಾಯ, ಅಗ್ಗದ್ದು, ಹಾಲಿಗೂ ಬಾಧೆಯಿಲ್ಲ. ಚುಚ್ಚುಮದ್ದು ಕೊಡಲೇಬೇಕಾದ ಹಸುಗಳ ಹಾಲನ್ನು ಡೇರಿಗೆ ಹಾಕಬಾರದೆಂದು ಹೇಳಿದೆವು. ಹರಿಹರದ ರೈತರಿಗೆ ಆ ದಿನಗಳ ನಷ್ಟ ಸಣ್ಣದಾಗಿರಲಿಲ್ಲ. ಅವರ ಹಸು ಗುಣವಾಯಿತು, ಪಕ್ಕೆಯ ಮೇಲೆ ಅಂಗೈ ಅಗಲದ ಕಲೆ ಉಳಿದಿದೆ.

ನೆನೆಸಿಟ್ಟ ಹತ್ತಿಯ ಪದ್ಧತಿಯನ್ನೇ ನಿಲ್ಲಿಸಿದೆವು. ಈಗ ಒಣಹತ್ತಿಯನ್ನು ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಆವಿಯಲ್ಲಿ ಕ್ರಿಮಿಗಳನ್ನು ಕೊಂದು) ಇಡುತ್ತೇವೆ; ಬೇಕಾದಾಗ ಬೇಕಾದಷ್ಟು ದ್ರಾವಣವನ್ನು ಬಟ್ಟಲಿಗೆ ಸುರಿದುಕೊಳ್ಳುತ್ತೇವೆ. ದ್ರಾವಣವನ್ನು ಕುದಿಸಿ ಆರಿಸಿದ ನೀರಿನಲ್ಲಿ ಅಳೆದು ಬೆರೆಸಿ, ಬಾಟಲಿಯ ಮೇಲೆ ದಿನಾಂಕ ಬರೆದು, ಮರುದಿನ ಉಳಿದದ್ದನ್ನು ಚೆಲ್ಲುತ್ತೇವೆ. ನಲ್ಲಿಯ ಬಾಯಿಯನ್ನು ಬದಲಾಯಿಸಿದೆವು. ದಿನಾಂಕ ಬರೆಯುವ ಕೆಲಸವನ್ನು ಅಟೆಂಡರ್ ಅವರೇ ಕೇಳಿ ವಹಿಸಿಕೊಂಡರು.

ಬೆರಳಚ್ಚು ತೆಗೆಯುವ ವಿದ್ಯೆಯೂ ನಿಂತಲ್ಲಿ ನಿಂತಿಲ್ಲ. ಈಗ ದೊಡ್ಡ ಪ್ರಯೋಗಾಲಯಗಳು ಪಟ್ಟೆಗಳನ್ನು ಬಿಟ್ಟು ಇಡೀ ಜೀನೋಮನ್ನೇ, ಅಂದರೆ ಕ್ರಿಮಿಯ ಪೂರ್ತಿ ಡಿಎನ್‌ಎಯನ್ನೇ, ಅಕ್ಷರ ಅಕ್ಷರವಾಗಿ ಓದುತ್ತವೆ. ಎಮ್ಮೆಯ ತಳಿ ಎಲ್ಲಿ ಬದಲಾಯಿತೆಂದು ಅದರಿಂದ ನಿಖರವಾಗಿ ತಿಳಿಯುತ್ತಿತ್ತು. ಆದರೆ ಒಂದು ತಾಲ್ಲೂಕು ಆಸ್ಪತ್ರೆಗೆ ಮೊದಲು ಬೇಕಾದದ್ದು ಕೀವಿನ ಮಾದರಿಯನ್ನು ಎಸೆಯದೆ ಬೆಳೆಸಿ ಉಳಿಸಿಕೊಳ್ಳುವ ಅಭ್ಯಾಸ, ಮತ್ತು ಯಾವ ಪ್ರಾಣಿಗೆ ಯಾರು ಯಾವುದರಿಂದ ಒರೆಸಿದರೆಂದು ಬರೆದಿಡುವ ರಿಜಿಸ್ಟರ್. ಮೊದಲ ಎರಡು ಹಸುಗಳ ತಳಿಯನ್ನು ಆಕಸ್ಮಿಕವಾಗಿ ಫ್ರಿಜ್ಜಿನಲ್ಲಿ ಉಳಿಸಿರದಿದ್ದರೆ ಹೋಲಿಸಿ ನೋಡಲು ನಮ್ಮ ಬಳಿ ಅರ್ಧ ಮಾದರಿಗಳೂ ಇರುತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಇನ್ನೊಂದು ಎತ್ತು ಹಸಿರು ಕೀವಿನೊಂದಿಗೆ ಬಂದಿತು. ನಮ್ಮಲ್ಲೇ ಹೊಲಿಗೆ ಹಾಕಿಸಿಕೊಂಡು ಹೋಗಿದ್ದ ಎತ್ತು. ನನ್ನ ಎದೆ ಧಸಕ್ಕೆಂದಿತು. ಮಾದರಿಯನ್ನು ಹಳೆಯ ತಳಿಗಳ ಜೊತೆಗೇ ಮತ್ತೆ ಬೆಂಗಳೂರಿಗೆ ಕಳುಹಿಸಿದೆವು. ವರದಿ ಬರುವವರೆಗೂ ಅಟೆಂಡರ್ ಅವರು ದಿನಕ್ಕೊಮ್ಮೆ ಬಂದು, "ಮೇಡಂ, ಇದೂ ನಮ್ಮದೇನಾ?" ಎಂದು ಕೇಳುತ್ತಿದ್ದರು. ಪಟ್ಟೆಗಳು ಹೊಂದಲಿಲ್ಲ. ಹೊಲಿಗೆ ಹಾಕಿದ ಮೂರನೆಯ ದಿನವೇ ಎತ್ತನ್ನು ಭದ್ರಾ ನಾಲೆಗೆ ಇಳಿಸಿ ಮೈ ತೊಳೆದಿದ್ದೆವೆಂದು ಮಾಲೀಕರು ಆಮೇಲೆ ಹೇಳಿದರು. "ನಮ್ಮದಲ್ಲ" ಎಂದೆ. ಅಟೆಂಡರ್ ಅವರು ತಲೆಯಾಡಿಸಿ, ಆ ದಿನದ ಬಾಟಲಿಗೆ ದಿನಾಂಕ ಬರೆಯಲು ಹೋದರು.